ಒಂದೇ ಲಾಟು ಇಬ್ಬರಿಗೆ ಮಾರಾಟವಾದದ್ದು ಪರೀಕ್ಷೆಯಲ್ಲಿ ಏಕೆ ಸಿಗಲಿಲ್ಲ?

ಪ್ರಶ್ನೆ: ನಾವು ನಾಲ್ವರು ಸೇರಿ ಕಾಸರಗೋಡಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಘಟಕ ನಡೆಸುತ್ತಿದ್ದೇವೆ. ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ದಾಸ್ತಾನು ಮತ್ತು ಮಾರಾಟದ ವ್ಯವಸ್ಥೆ ಮಾಡಿಕೊಟ್ಟಿದ್ದೇವೆ. ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಶಾಖೆಗಳಲ್ಲಿ ಒಂದೊಂದು ಸರ್ವರ್ ಇದೆ; ಯಾವ ಶಾಖೆಯಿಂದಲೂ ಯಾವ ಗೋದಾಮಿನ ಲಾಟನ್ನೂ ಮಾರಬಹುದು. ಮಾರುವ ಶಾಖೆ ಮೂರೂ ಸರ್ವರ್‌ಗಳ ಒಪ್ಪಿಗೆ ಕೇಳುತ್ತದೆ, ತನ್ನದೂ ಸೇರಿ ಎರಡು ಒಪ್ಪಿಗೆ ಸಿಕ್ಕಿದರೆ ಬಿಲ್ಲು ಮಾಡುತ್ತದೆ. ಕೊಟ್ಟ ಒಪ್ಪಿಗೆಯನ್ನು ಸರ್ವರ್ ಮೆಮೊರಿಯಲ್ಲಿ ಇಟ್ಟುಕೊಂಡು ತುಸು ಹೊತ್ತಿನ ಬಳಿಕ ಡಿಸ್ಕಿಗೆ ಬರೆಯುತ್ತದೆ. ಕಳೆದ ಮಳೆಗಾಲದಲ್ಲಿ ಒಂದೇ ಲಾಟು ಚಾಲಿ (ಒಣಗಿಸಿದ) ಅಡಿಕೆ ಇಬ್ಬರು ವ್ಯಾಪಾರಿಗಳಿಗೆ ಮಾರಾಟವಾಗಿಬಿಟ್ಟಿತು. ನಮ್ಮ ಎಲ್ಲ ಪರೀಕ್ಷೆಗಳೂ ಪಾಸಾಗುತ್ತಿವೆ, ಎಷ್ಟು ಪ್ರಯತ್ನಿಸಿದರೂ ಆ ತಪ್ಪನ್ನು ಮತ್ತೆ ಕಾಣಲು ಆಗುತ್ತಿಲ್ಲ. ವಿನ್ಯಾಸವನ್ನು ಗಣಿತದಂತೆ ಬರೆಯುವ ಟಿಎಲ್‌ಎ ಪ್ಲಸ್ ಭಾಷೆ, ಅದನ್ನು ಯಂತ್ರದಿಂದಲೇ ಪರಿಶೀಲಿಸುವ ಮಾಡೆಲ್ ಚೆಕಿಂಗ್ ಎಂದು ಕೆಲವರು ಸೂಚಿಸುತ್ತಾರೆ. ಅದರಿಂದ ನಿಜಕ್ಕೂ ಏನು ಸಿಗುತ್ತದೆ? ನಮ್ಮ ಕೋಡ್ ಸರಿಯಿದೆ ಎಂದು ಅದು ಸಾಧಿಸಿ ತೋರಿಸುತ್ತದೆಯೇ? ನಮ್ಮಂಥ ಸಣ್ಣ ತಂಡಕ್ಕೆ ಅದು ಹೊರೆಯಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ. ಇಡೀ ವ್ಯವಸ್ಥೆಯನ್ನು ಸ್ಪೆಸಿಫಿಕೇಶನ್ನಿಗೆ, ಅಂದರೆ ಗಣಿತದ ಭಾಷೆಯ ವಿವರಣೆಗೆ, ಇಳಿಸಲು ಹೊರಟರೆ ಅದು ಖಂಡಿತ ಹೊರೆ. ಹಾಗೆ ಮಾಡಬೇಕಾದ ಅಗತ್ಯವೂ ಇಲ್ಲ. ಬಿಲ್ಲು ಮುದ್ರಿಸುವುದು, ತೆರಿಗೆ ಲೆಕ್ಕ ಹಾಕುವುದು, ಬೆಳೆಗಾರರ ಖಾತೆಗೆ ಹಣ ಜಮೆ ಮಾಡುವುದು ಇವೆಲ್ಲಕ್ಕೆ ನೀವು ಈಗ ಬರೆದಿರುವ ಪರೀಕ್ಷೆಗಳೇ ಸಾಕು. ಮೂರು ಸರ್ವರ್‌ಗಳು ಒಂದನ್ನೊಂದು ಕೇಳಿ ಒಪ್ಪಿಗೆ ಕೊಟ್ಟುಕೊಳ್ಳುವ ಭಾಗ ಮಾತ್ರ ಬೇರೆ ಜಾತಿಯದು, ಏಕೆಂದರೆ ಅಲ್ಲಿನ ತಪ್ಪು ಕೋಡಿನ ಯಾವುದೋ ಒಂದು ಸಾಲಿನಲ್ಲಿ ಇರುವುದಿಲ್ಲ, ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇರುವ ಸಾಲುಗಳು ಯಾವ ಕ್ರಮದಲ್ಲಿ ನಡೆದವು ಎಂಬುದರಲ್ಲಿ ಇರುತ್ತದೆ. ಕೋಡು ಸರಿಯಿದೆ ಎಂದು ಮಾಡೆಲ್ ಚೆಕರ್ ಹೇಳುವುದಿಲ್ಲ. ನೀವು ಬರೆದುಕೊಟ್ಟ ವಿನ್ಯಾಸದಲ್ಲಿ ಘಟನೆಗಳು ಯಾವ ಕ್ರಮದಲ್ಲಿ ನಡೆದರೂ ನೀವು ಬರೆದುಕೊಟ್ಟ ನಿಯಮ ಮುರಿಯುವುದಿಲ್ಲ ಎಂದು ಅದು ಹೇಳುತ್ತದೆ, ಅಥವಾ ಯಾವ ಕ್ರಮದಲ್ಲಿ ನಡೆದರೆ ಮುರಿಯುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ.

ಕ್ರಮಗಳ ಸಂಖ್ಯೆಯನ್ನು ಒಮ್ಮೆ ಲೆಕ್ಕ ಹಾಕಿದರೆ ನಿಮ್ಮ ಪರೀಕ್ಷೆಗಳು ಸೋತದ್ದೇಕೆಂದು ತಿಳಿಯುತ್ತದೆ. ಮೂರು ಸರ್ವರ್‌ಗಳು ತಲಾ ಐದು ಹೆಜ್ಜೆಗಳ ಕೆಲಸ ಮಾಡುತ್ತವೆ ಎಂದುಕೊಳ್ಳಿ. ಪ್ರತಿಯೊಂದರ ಒಳಗಿನ ಕ್ರಮ ಬದಲಾಗದಿದ್ದರೂ ಮೂರರ ಹೆಜ್ಜೆಗಳು ಒಂದರೊಳಗೊಂದು ಬೆರೆಯುವ ವಿಧಾನಗಳು 7,56,756. ತಲಾ ಹತ್ತು ಹೆಜ್ಜೆಗಳಾದರೆ ಅದು ಐದೂವರೆ ಲಕ್ಷ ಕೋಟಿಯನ್ನು ದಾಟುತ್ತದೆ. ಇದರಲ್ಲಿ ಕರೆಂಟು ಹೋಗುವುದನ್ನಾಗಲಿ, ಸಂದೇಶ ಕಳೆದುಹೋಗುವುದನ್ನಾಗಲಿ ಇನ್ನೂ ಸೇರಿಸಿಯೇ ಇಲ್ಲ. ನಿಮ್ಮ ಪರೀಕ್ಷೆ ನಡೆಯುವುದು ಬಹುಶಃ ಒಂದೇ ಕೋಣೆಯಲ್ಲಿ, ಒಂದೇ ಯಂತ್ರದ ಮೇಲೆ ಮೂರು ಪ್ರಕ್ರಿಯೆಗಳಾಗಿ. ಅಲ್ಲಿ ಸಂದೇಶ ಕ್ಷಣದೊಳಗೆ ತಲುಪುತ್ತದೆ, ಯಾರೂ ತಡವಾಗುವುದಿಲ್ಲ, ಹಾಗಾಗಿ ಬೆರಳೆಣಿಕೆಯ ಕ್ರಮಗಳೇ ಮತ್ತೆ ಮತ್ತೆ ನಡೆಯುತ್ತವೆ. ಅದೇ ಪರೀಕ್ಷೆಯನ್ನು ಸಾವಿರ ಸಲ ಓಡಿಸಿದರೂ ಹೊಸದೇನೂ ಕಾಣುವುದಿಲ್ಲ. ಆಟಿ ತಿಂಗಳಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಮುಳ್ಳೇರಿಯಕ್ಕೆ ಅರ್ಧ ದಿನ ಸಂಪರ್ಕವೇ ಇಲ್ಲದ ಸ್ಥಿತಿ ನಿಮ್ಮ ಪರೀಕ್ಷಾ ಕೋಣೆಗೆ ಬರುವುದೇ ಇಲ್ಲ.

ಸ್ಪೆಸಿಫಿಕೇಶನ್ ಎಂದರೆ ಇಲ್ಲಿ ಬೇಡಿಕೆಗಳ ಪಟ್ಟಿಯಲ್ಲ. ವ್ಯವಸ್ಥೆಯ ಸ್ಥಿತಿಯನ್ನು ಕೆಲವೇ ಚರಗಳಲ್ಲಿ ಹಿಡಿದಿಟ್ಟು, ಆರಂಭದ ಸ್ಥಿತಿ ಯಾವುದು, ಒಂದು ಸ್ಥಿತಿಯಿಂದ ಮುಂದಿನ ಯಾವ ಯಾವ ಸ್ಥಿತಿಗೆ ಹೋಗಬಹುದು ಎಂಬುದನ್ನು ಗಣಿತದ ಭಾಷೆಯಲ್ಲಿ ಬರೆಯುವುದು ಅಷ್ಟೇ. ಕಾಲಕ್ರಮದಲ್ಲಿ ಏನು ಎಂದಿಗೂ ನಿಜ, ಏನು ಎಂದಾದರೂ ನಿಜವಾಗಲೇಬೇಕು ಎಂದು ಹೇಳಲು ಬೇಕಾದ ತರ್ಕವನ್ನು ಅಮೀರ್ ನ್ಯೂಲಿ 1977ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ತಂದರು. ಎಲ್ಲ ಸ್ಥಿತಿಗಳನ್ನೂ ಯಂತ್ರವೇ ತಿರುವಿ ನೋಡುವ ಮಾಡೆಲ್ ಚೆಕಿಂಗನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್, ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ಪ್ರತ್ಯೇಕವಾಗಿ ರೂಪಿಸಿದರು. 2007ರ ಟ್ಯೂರಿಂಗ್ ಪ್ರಶಸ್ತಿ ಈ ಮೂವರದು. ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್ ಭಾಷೆ ಮತ್ತು ಅದರ ಜೊತೆಗಿರುವ ಟಿಎಲ್‌ಸಿ ಎಂಬ ಚೆಕರ್ ಇದೇ ಪರಂಪರೆಯವು. ಇತಿಹಾಸ ಇಷ್ಟು ಸಾಕು, ನಿಮ್ಮ ಲಾಟಿಗೆ ಬರೋಣ.

ಒಂದೇ ಒಂದು ಲಾಟನ್ನು ಇಟ್ಟುಕೊಂಡು ಮಾದರಿ ಮಾಡಿ. ಬೇಕಾದ ಚರಗಳು ಮೂರೇ: ಪ್ರತಿ ಸರ್ವರ್ ಯಾರಿಗೆ ಒಪ್ಪಿಗೆ ಕೊಟ್ಟಿದೆ ಎಂಬುದು, ಪ್ರತಿ ಶಾಖೆ ಸುಮ್ಮನಿದೆಯೋ, ಕೇಳಿದೆಯೋ, ಮಾರಿದೆಯೋ ಎಂಬುದು, ಮತ್ತು ಕಳಿಸಲಾದ ಸಂದೇಶಗಳ ಗಣ. ಸಂದೇಶಗಳನ್ನು ಗಣದಿಂದ ಎಂದೂ ತೆಗೆಯದಿರುವುದು ಲ್ಯಾಂಪೋರ್ಟ್ ಅವರ ಮಾದರಿಗಳಲ್ಲಿ ಕಾಣುವ ಒಂದು ಜಾಣತನ. ಸಂದೇಶ ಕಳೆದುಹೋಯಿತು ಎಂದರೆ ಅದನ್ನು ಯಾರೂ ಓದಲಿಲ್ಲ ಎಂದೇ ಅರ್ಥ. ಎರಡು ಸಲ ಬಂತು ಎಂದರೆ ಎರಡು ಸಲ ಓದಲಾಯಿತು. ತಡವಾಯಿತು ಎಂದರೆ ತಡವಾಗಿ ಓದಲಾಯಿತು. ಜಾಲದ ಈ ಮೂರು ತೊಂದರೆಗಳಿಗೆ ಪ್ರತ್ಯೇಕವಾಗಿ ಏನನ್ನೂ ಬರೆಯಬೇಕಾಗಿಲ್ಲ.

ಕ್ರಿಯೆಗಳು ನಾಲ್ಕು. ಕೇಳುವುದು: ಶಾಖೆ ತನಗೆ ತಾನೇ ಒಪ್ಪಿಗೆ ಕೊಟ್ಟುಕೊಂಡು ಉಳಿದ ಎರಡು ಸರ್ವರ್‌ಗಳಿಗೆ ಸಂದೇಶ ಕಳಿಸುತ್ತದೆ. ಒಪ್ಪುವುದು: ಕೇಳಿಕೆ ಬಂದ ಸರ್ವರ್ ಬೇರೆ ಯಾರಿಗೂ ಒಪ್ಪಿಗೆ ಕೊಟ್ಟಿರದಿದ್ದರೆ ಈ ಶಾಖೆಯ ಹೆಸರು ಬರೆದುಕೊಂಡು ಉತ್ತರಿಸುತ್ತದೆ. ಮಾರುವುದು: ಎರಡು ಒಪ್ಪಿಗೆ ಕೂಡಿದ ಶಾಖೆ ಬಿಲ್ಲು ಮಾಡುತ್ತದೆ. ನಾಲ್ಕನೆಯದು ಕರೆಂಟು ಹೋಗಿ ಬರುವುದು: ಡಿಸ್ಕಿಗೆ ಇಳಿಯದ ಒಪ್ಪಿಗೆ ಅಳಿಸಿಹೋಗುತ್ತದೆ. ಈ ನಾಲ್ಕನೆಯದನ್ನು ಬರೆಯುವಾಗ ಹೆಚ್ಚಿನವರು ಹಿಂಜರಿಯುತ್ತಾರೆ. ಅದು ಅಪರೂಪದ ಆಕಸ್ಮಿಕ, ವಿನ್ಯಾಸದ ಭಾಗವಲ್ಲ ಎಂಬ ಭಾವನೆ ಅವರದು. ಮಾದರಿಗೆ ಅಪರೂಪ ಎಂಬುದೇ ಇಲ್ಲ. ಆಗಬಹುದಾದದ್ದು, ಆಗಲಾರದ್ದು ಎಂಬ ಎರಡೇ ವರ್ಗ ಅಲ್ಲಿರುವುದು, ಮತ್ತು ನಮ್ಮ ಊರುಗಳಲ್ಲಿ ಕರೆಂಟು ಹೋಗುವುದನ್ನು ಎರಡನೆಯ ವರ್ಗಕ್ಕೆ ಸೇರಿಸುವವರು ಯಾರೂ ಇರಲಾರರು.

ಈಗ ಮುರಿಯಬಾರದ ನಿಯಮ. ಯಾವುದೇ ಎರಡು ಶಾಖೆಗಳನ್ನು ತೆಗೆದುಕೊಂಡರೂ, ಎರಡೂ ಈ ಲಾಟನ್ನು ಮಾರಿದ್ದರೆ ಅವೆರಡೂ ಒಂದೇ ಶಾಖೆ: ಇಷ್ಟೇ ಇನ್‌ವೇರಿಯಂಟ್. ಟಿಎಲ್‌ಸಿ ಆರಂಭದ ಸ್ಥಿತಿಯಿಂದ ಹೊರಟು ಒಂದು ಹೆಜ್ಜೆಯಲ್ಲಿ ತಲುಪಬಹುದಾದ ಎಲ್ಲ ಸ್ಥಿತಿಗಳನ್ನು, ಆಮೇಲೆ ಎರಡು ಹೆಜ್ಜೆಯವನ್ನು, ಹೀಗೆ ಪದರ ಪದರವಾಗಿ ನೋಡುತ್ತ ಹೋಗುವುದರಿಂದ, ಒಂದೇ ವರ್ಕರಿನಲ್ಲಿ (ಕೆಲಸವನ್ನು ಸಮಾಂತರವಾಗಿ ಹಂಚದೆ) ಓಡಿಸಿದಾಗ ಅದು ತೋರಿಸುವ ಮೊದಲ ತಪ್ಪು ದಾರಿಯೇ ಅತಿ ಚಿಕ್ಕ ದಾರಿಯೂ ಆಗಿರುತ್ತದೆ. ನಿಮ್ಮ ವಿನ್ಯಾಸದಲ್ಲಿ ಆ ದಾರಿ ಏಳು ಹೆಜ್ಜೆಗಳದು. ಬದಿಯಡ್ಕ ಕೇಳುತ್ತದೆ. ಕುಂಬಳೆ ಒಪ್ಪುತ್ತದೆ. ಬದಿಯಡ್ಕ ಮಾರುತ್ತದೆ. ಕುಂಬಳೆಯಲ್ಲಿ ಕರೆಂಟು ಹೋಗಿ ಬರುತ್ತದೆ, ಕೊಟ್ಟ ಒಪ್ಪಿಗೆಯ ನೆನಪು ಅದಕ್ಕೆ ಉಳಿದಿಲ್ಲ. ಮುಳ್ಳೇರಿಯ ಕೇಳುತ್ತದೆ; ಬದಿಯಡ್ಕದ ಸಂದೇಶ ಇನ್ನೂ ಅಲ್ಲಿಗೆ ತಲುಪಿಯೇ ಇಲ್ಲ. ಕುಂಬಳೆ ಒಪ್ಪುತ್ತದೆ. ಮುಳ್ಳೇರಿಯ ಮಾರುತ್ತದೆ. ಇದಕ್ಕಿಂತ ಚಿಕ್ಕ ದಾರಿ ಇರಲಾರದು: ಎರಡು ಮಾರಾಟಕ್ಕೆ ಎರಡು ಕೇಳಿಕೆ, ಎರಡು ಒಪ್ಪಿಗೆ, ಎರಡು ಬಿಲ್ಲು ಬೇಕು, ಮೂರರಲ್ಲಿ ಎರಡೆರಡರ ಎರಡು ಗುಂಪುಗಳಿಗೆ ಕನಿಷ್ಠ ಒಬ್ಬ ಸಾಮಾನ್ಯ ಸದಸ್ಯನಿರುವುದರಿಂದ, ಆ ಸದಸ್ಯ ಎರಡು ಸಲ ಒಪ್ಪಬೇಕಾದರೆ ನಡುವೆ ಒಮ್ಮೆ ಮರೆತಿರಲೇಬೇಕು. ಕಳೆದ ಮಳೆಗಾಲದಲ್ಲಿ ನಡೆದದ್ದು ಇದೇ ಎಂದು ನಾನು ಪ್ರಮಾಣ ಮಾಡಲಾರೆ. ನಿಮ್ಮ ವಿನ್ಯಾಸ ಇದಕ್ಕೆ ಎಡೆ ಕೊಡುತ್ತದೆ ಎಂಬುದು ಮಾತ್ರ ನಿಸ್ಸಂಶಯ.

ಒಪ್ಪಿಗೆ ಡಿಸ್ಕಿಗೆ ಇಳಿದ ಬಳಿಕವೇ ಉತ್ತರ ಕಳಿಸುವಂತೆ ಮಾಡಿದರೆ ಈ ದಾರಿ ಮುಚ್ಚುತ್ತದೆ. ಚೆಕರ್ ಈಗ ಯಾವ ದೂರನ್ನೂ ಹೇಳುವುದಿಲ್ಲ. ಹೆಚ್ಚಿನ ತಂಡಗಳು ಇಲ್ಲಿಗೆ ನಿಲ್ಲಿಸಿಬಿಡುತ್ತವೆ. ಆದರೆ ಏನನ್ನೂ ಮಾಡದ ವ್ಯವಸ್ಥೆಯೂ ಈ ಇನ್‌ವೇರಿಯಂಟನ್ನು ಪಾಲಿಸುತ್ತದೆ ಎಂಬುದನ್ನು ಗಮನಿಸಿ. ಕೆಟ್ಟದ್ದು ಎಂದೂ ಆಗದು ಎಂಬ ಸುರಕ್ಷೆಯ ಗುಣ ಒಂದು, ಒಳ್ಳೆಯದು ಎಂದಾದರೂ ಆಗಿಯೇ ಆಗುತ್ತದೆ ಎಂಬ ಪ್ರಗತಿಯ ಗುಣ ಇನ್ನೊಂದು; ವ್ಯವಸ್ಥೆಯ ನಡೆಗಳ ಬಗ್ಗೆ ನಾವು ಹೇಳಬಹುದಾದ ಇಂಥ ಯಾವುದೇ ಗುಣವನ್ನು ಈ ಎರಡರ ಕೂಡಿಕೆಯಾಗಿ ಬರೆಯಬಹುದೆಂದು ಬೋವೆನ್ ಆಲ್ಪರ್ನ್ ಮತ್ತು ಫ್ರೆಡ್ ಷ್ನೈಡರ್ 1985ರಲ್ಲಿ ಸಾಧಿಸಿದರು. ಯಾರಾದರೂ ಕೇಳಿದ ಲಾಟು ಎಂದಾದರೂ ಒಬ್ಬರಿಗೆ ಮಾರಾಟವಾಗಲೇಬೇಕು ಎಂಬ ಪ್ರಗತಿಯ ನಿಯಮವನ್ನು ಸೇರಿಸಿ ಓಡಿಸಿದರೆ ಮೂರೇ ಹೆಜ್ಜೆಗಳಲ್ಲಿ ಗಂಟು ಬೀಳುತ್ತದೆ. ಮೂರೂ ಶಾಖೆಗಳು ಒಟ್ಟಿಗೆ ಕೇಳುತ್ತವೆ, ಮೂರೂ ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಂಡಿವೆ, ಎರಡನೆಯ ಒಪ್ಪಿಗೆ ಯಾರಿಗೂ ಸಿಗುವಂತಿಲ್ಲ. ಬೆಲೆ ಏರಿದ ದಿನ ಬೆಳಗ್ಗೆ ಹತ್ತು ಗಂಟೆಗೆ ಇದು ನಡೆಯುವುದು ಅಪರೂಪವೂ ಅಲ್ಲ. ಬಹುಶಃ ನಿಮ್ಮಲ್ಲಿ ಯಾರೋ ಆಗಾಗ ಸರ್ವರನ್ನು ಮರಳಿ ಚಾಲೂ ಮಾಡಿ ಈ ಗಂಟನ್ನು ಬಿಡಿಸುತ್ತಿರಬೇಕು, ಮತ್ತು ಹಾಗೆ ಬಿಡಿಸಿದಾಗಲೆಲ್ಲ ಮೇಲಿನ ಏಳು ಹೆಜ್ಜೆಗಳ ದಾರಿ ತೆರೆದುಕೊಂಡಿರಬೇಕು.

ಗಂಟು ಬಿಡಿಸಲು ಮನಸ್ಸಿಗೆ ಮೊದಲು ಬರುವ ಉಪಾಯ ಟೈಮ್‌ಔಟ್: ಕೊಟ್ಟ ಒಪ್ಪಿಗೆ ಮೂವತ್ತು ಸೆಕೆಂಡುಗಳಲ್ಲಿ ತಾನಾಗಿ ರದ್ದಾಗಲಿ ಎನ್ನುವುದು. ಮಾದರಿಯಲ್ಲಿ ಗಡಿಯಾರ ಬೇಕಿಲ್ಲ. ಒಪ್ಪಿಗೆ ಯಾವ ಕ್ಷಣದಲ್ಲಾದರೂ ರದ್ದಾಗಬಹುದು ಎಂಬ ಐದನೆಯ ಕ್ರಿಯೆಯನ್ನು ಸೇರಿಸಿದರೆ ಸಾಕು, ಏಕೆಂದರೆ ಒಂದು ಯಂತ್ರದ ಮೂವತ್ತು ಸೆಕೆಂಡು ಇನ್ನೊಂದು ಯಂತ್ರಕ್ಕೆ ಎಷ್ಟು ಹೆಜ್ಜೆಗಳ ಹೊತ್ತು ಎಂದು ಹೇಳಲು ಬರುವುದಿಲ್ಲ. ಈಗ ಚೆಕರ್ ಮತ್ತೆ ಏಳು ಹೆಜ್ಜೆಗಳ ಇನ್ನೊಂದು ದಾರಿ ಕೊಡುತ್ತದೆ: ಬದಿಯಡ್ಕ ಕೇಳಿತು, ಕುಂಬಳೆ ಒಪ್ಪಿತು, ಉತ್ತರ ದಾರಿಯಲ್ಲೇ ತಡವಾಯಿತು, ಕುಂಬಳೆಯ ಒಪ್ಪಿಗೆ ರದ್ದಾಯಿತು, ಮುಳ್ಳೇರಿಯ ಕೇಳಿತು, ಕುಂಬಳೆ ಅದಕ್ಕೂ ಒಪ್ಪಿತು, ಮುಳ್ಳೇರಿಯ ಮಾರಿತು, ಕೊನೆಗೆ ಹಳೆಯ ಉತ್ತರ ತಲುಪಿ ಬದಿಯಡ್ಕವೂ ಮಾರಿತು. ಉತ್ತರ ತಡವಾಗುವುದು ಪ್ರತ್ಯೇಕ ಹೆಜ್ಜೆಯಲ್ಲ, ಹಾಗಾಗಿ ಎಣಿಸಿದರೆ ಏಳೇ. ಈ ಸಲ ಕರೆಂಟು ಹೋಗಬೇಕಾಗಿಯೂ ಇಲ್ಲ. ಇದು ನಿಮ್ಮ ತಂಡದ ಅಸಾಮರ್ಥ್ಯವೇನೂ ಅಲ್ಲ. ಸಂದೇಶಕ್ಕೆ ಕಾಲಮಿತಿಯಿಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ನಿಂತುಹೋಗುವ ಸಾಧ್ಯತೆಯಿದ್ದರೂ, ಎಲ್ಲರನ್ನೂ ಒಂದು ನಿರ್ಧಾರಕ್ಕೆ ತರುವುದನ್ನು ಖಾತರಿಯಾಗಿ ಸಾಧಿಸುವ ನಿಯತ (ಯಾದೃಚ್ಛಿಕ ಆಯ್ಕೆಯನ್ನು ಬಳಸದ) ವಿಧಾನವೇ ಇರಲಾರದೆಂದು ಫಿಷರ್, ಲಿಂಚ್, ಪ್ಯಾಟರ್ಸನ್ 1985ರಲ್ಲೇ ತೋರಿಸಿದ್ದಾರೆ. ಟೈಮ್‌ಔಟನ್ನು ಪ್ರಗತಿಗಾಗಿ ಬಳಸಬಹುದು, ಸುರಕ್ಷೆಯನ್ನು ಅದರ ಮೇಲೆ ನಿಲ್ಲಿಸಬಾರದು.

ಇನ್ನೊಂದು ಉಪಾಯವನ್ನು ಅನುಭವಸ್ಥರು ಸೂಚಿಸಬಹುದು: ಪ್ರತಿ ಒಪ್ಪಿಗೆಗೆ ಏರುವ ಸಂಖ್ಯೆಯೊಂದನ್ನು ಕೊಟ್ಟು, ಸರಕು ಹೊರಬೀಳುವ ಗೋದಾಮಿನ ಬಾಗಿಲಲ್ಲಿ ಹಳೆಯ ಸಂಖ್ಯೆಯನ್ನು ತಿರಸ್ಕರಿಸುವುದು. ಕಡತಕ್ಕೆ ಮತ್ತೆ ಮತ್ತೆ ಬರೆಯುವಂಥ ಕೆಲಸಗಳಿಗೆ ಇದು ಒಳ್ಳೆಯ ಉಪಾಯ. ನಿಮ್ಮದು ಒಮ್ಮೆ ಮಾತ್ರ ಆಗಬೇಕಾದ ಮಾರಾಟ. ಒಂದನೆಯ ಸಂಖ್ಯೆಯವರು ಮೊದಲು ಬಂದು ಸರಕು ಒಯ್ದರು, ಆಮೇಲೆ ಎರಡನೆಯ ಸಂಖ್ಯೆಯವರು ಬಂದರು ಎಂದರೆ, ಎರಡನೆಯದು ಹೊಸದಾದ್ದರಿಂದ ಸಂಖ್ಯೆಯ ನಿಯಮ ಅದನ್ನೂ ಒಳಗೆ ಬಿಡುತ್ತದೆ. ಹಾಗಾಗದಿರಬೇಕಾದರೆ ಬಾಗಿಲಲ್ಲಿ ಕುಳಿತವನು ಈ ಲಾಟು ಮಾರಿಯಾಗಿದೆ ಎಂದು ಹೇಳಬಲ್ಲವನಾಗಿರಬೇಕು. ಅವನಿಗೆ ಅಷ್ಟು ಹೇಳಲು ಬಂದರೆ ಉಳಿದ ಇಬ್ಬರ ಒಪ್ಪಿಗೆ ಯಾತಕ್ಕೆ?

ಈ ಪ್ರಶ್ನೆಯಲ್ಲೇ ನಿಮ್ಮ ಪರಿಹಾರವೂ ಇದೆ ಎಂದು ನನ್ನ ಅಭಿಪ್ರಾಯ. ಅಡಿಕೆಯ ಲಾಟು ಭೌತಿಕ ವಸ್ತು, ಅದು ಒಂದು ಕಾಲದಲ್ಲಿ ಒಂದೇ ಗೋದಾಮಿನಲ್ಲಿ ಇರುತ್ತದೆ. ಯಾವ ಗೋದಾಮಿನಲ್ಲಿದೆಯೋ ಆ ಶಾಖೆಯ ಸರ್ವರ್ ಒಂದಕ್ಕೇ ಅದನ್ನು ಮಾರಿದೆ ಎಂದು ಬರೆಯುವ ಅಧಿಕಾರವಿರಲಿ. ಬೇರೆ ಶಾಖೆಗಳು ಅದಕ್ಕೆ ಕೋರಿಕೆ ಕಳಿಸಲಿ, ಮರುಉತ್ತರ ಬರುವ ತನಕ ವ್ಯಾಪಾರಿಗೆ ಕೊಡುವ ಕಾಗದ ಬಿಲ್ಲಾಗಿರದೆ ಬೇಡಿಕೆಯ ಚೀಟಿಯಾಗಿರಲಿ. ಮತದಾನದ ಇಡೀ ಯಂತ್ರವನ್ನು ಕೋಡಿನಿಂದ ತೆಗೆದುಹಾಕಬಹುದು. ಕುಂಬಳೆಯ ಸಂಪರ್ಕ ಕಡಿದಾಗ ಕುಂಬಳೆಯ ಸರಕನ್ನು ಬದಿಯಡ್ಕದಿಂದ ಮಾರಲಾಗುವುದಿಲ್ಲ ಎಂಬುದು ಇದರ ಬೆಲೆ. ಆ ಬೆಲೆಯನ್ನು ತೆರಬಹುದೇ ಎಂದು ನಿರ್ಧರಿಸಬೇಕಾದವರು ನೀವಲ್ಲ, ಸಂಘದ ಆಡಳಿತ ಮಂಡಳಿ. ಮಂಡಳಿಯ ಮುಂದೆ ಇಡಬಹುದಾದಷ್ಟು ಸರಳವಾದ ಪ್ರಶ್ನೆಯಾಗಿ ಅದನ್ನು ಬೇರ್ಪಡಿಸಿಕೊಟ್ಟದ್ದು ಸ್ಪೆಸಿಫಿಕೇಶನ್ ಬರೆಯುವ ಕೆಲಸ, ಚೆಕರನ್ನು ಓಡಿಸುವ ಮೊದಲೇ. ನನ್ನ ಮಟ್ಟಿಗೆ ಈ ವಿದ್ಯೆಯ ಮುಖ್ಯ ಲಾಭವೇ ಇದು. ಯಂತ್ರ ಹುಡುಕಿಕೊಡುವ ತಪ್ಪುಗಳು ಅದರ ಬಳಿಕ ಬರುತ್ತವೆ.

ಸರಳವಾದ ಈ ವಿನ್ಯಾಸದಲ್ಲೂ ಒಂದು ಬಲೆ ಉಳಿದಿದೆ. ಬದಿಯಡ್ಕದ ಕೋರಿಕೆ ಕುಂಬಳೆಗೆ ತಲುಪಿ, ಕುಂಬಳೆ ಮಾರಾಟ ಬರೆದುಕೊಂಡು ಕಳಿಸಿದ ಉತ್ತರ ಕಳೆದುಹೋಯಿತು ಎನ್ನೋಣ. ಬದಿಯಡ್ಕ ಮತ್ತೆ ಕೇಳುತ್ತದೆ, ಲಾಟು ಮಾರಿಯಾಗಿದೆ ಎಂಬ ಉತ್ತರ ಪಡೆಯುತ್ತದೆ, ತನ್ನ ವ್ಯಾಪಾರಿಗೆ ಇಲ್ಲ ಎಂದು ಹೇಳಿ ಕಳಿಸುತ್ತದೆ. ಈಗ ಲಾಟು ಯಾರಿಗೂ ಸೇರದೆ ಗೋದಾಮಿನಲ್ಲೇ ಕೊಳೆಯುತ್ತದೆ. ಪ್ರತಿ ಕೋರಿಕೆಗೂ ಗುರುತಿನ ಸಂಖ್ಯೆ ಕೊಟ್ಟು, ಅದೇ ಗುರುತಿನ ಕೋರಿಕೆ ಎಷ್ಟು ಸಲ ಬಂದರೂ ಅದೇ ಉತ್ತರ ಕೊಡುವುದು ಇದಕ್ಕೆ ಪರಿಹಾರ. ಗುರುತಿನ ಸಂಖ್ಯೆಯಿಲ್ಲದೆ ಮಾದರಿ ಮಾಡಿ, ಪ್ರಗತಿಯ ನಿಯಮ ಹೇಗೆ ಮುರಿಯುತ್ತದೆ ಎಂದು ನೀವೇ ಓಡಿಸಿ ನೋಡಬೇಕೆಂದು ನನ್ನ ಸಲಹೆ. ಮೊದಲ ಅಭ್ಯಾಸಕ್ಕೆ ಹೇಳಿಮಾಡಿಸಿದ ಗಾತ್ರ ಅದು.

ಒಂದು ಗೋದಾಮಿನ ಸರ್ವರ್ ಸುಟ್ಟುಹೋದರೂ ಮಾರಾಟ ನಿಲ್ಲಬಾರದು ಎಂದು ಮಂಡಳಿ ಹಟ ಹಿಡಿದರೆ ಆಗ ನಿಜವಾದ ಒಮ್ಮತದ ವಿಧಾನ ಬೇಕಾಗುತ್ತದೆ. ಅದನ್ನು ನೀವಾಗಿ ರಚಿಸಬೇಡಿ, ಪ್ಯಾಕ್ಸೋಸ್ ಅಥವಾ ರಾಫ್ಟ್ ಆಧಾರಿತವಾದ, ಹಲವರು ಬಳಸಿ ಪಳಗಿದ ಸಿದ್ಧ ತಂತ್ರಾಂಶವನ್ನು ತೆಗೆದುಕೊಳ್ಳಿ. ಇಷ್ಟು ಕಟುವಾಗಿ ಹೇಳಲು ಕಾರಣವಿದೆ. 1978ರಲ್ಲಿ ಪ್ರಕಟವಾದ ನೀಧಮ್ ಮತ್ತು ಶ್ರೋಡರ್ ಅವರ ಗುರುತು ದೃಢೀಕರಣದ ವಿಧಾನ ಕೆಲವೇ ಸಾಲುಗಳದು. ಅದರ ಸಾರ್ವಜನಿಕ ಕೀಲಿಯ ರೂಪದಲ್ಲಿದ್ದ ಬಿರುಕನ್ನು ಗ್ಯಾವಿನ್ ಲೋ 17 ವರ್ಷಗಳ ಬಳಿಕ 1995ರಲ್ಲಿ ಕಂಡುಹಿಡಿದರು, ತಿದ್ದಿದ ರೂಪವನ್ನು ಮುಂದಿನ ವರ್ಷ ಮಾಡೆಲ್ ಚೆಕರಿನ ಸಹಾಯದಿಂದ ಪರಿಶೀಲಿಸಿದರು. ಹಲವು ಯಂತ್ರಗಳಲ್ಲಿ ಹಂಚಿಟ್ಟ ದತ್ತಾಂಶವನ್ನು ಹುಡುಕಲು 2001ರಲ್ಲಿ ಬಂದ ಕಾರ್ಡ್ (Chord) ಎಂಬ ಹೆಸರಾಂತ ವಿಧಾನ ಸರಿಯೆಂದೇ ಎಲ್ಲರೂ ನಂಬಿದ್ದರು. ಪಮೇಲಾ ಝೇವ್ ಅಲಾಯ್ ಎಂಬ ಪುಟ್ಟ ಮಾದರಿಭಾಷೆಯಲ್ಲಿ ಅದನ್ನು ಬರೆದು ನೋಡಿ, ಅದುವರೆಗೆ ಪ್ರಕಟವಾಗಿದ್ದ ಯಾವ ಆವೃತ್ತಿಯೂ ಸರಿಯಿಲ್ಲವೆಂದು 2012ರಲ್ಲಿ ತೋರಿಸಿದರು. ಸದಸ್ಯ ಯಂತ್ರಗಳನ್ನು ಒಂದೊಂದಾಗಿ ಬದಲಿಸುವ ರಾಫ್ಟಿನ ಸರಳ ವಿಧಾನದಲ್ಲಿ ದೋಷವಿದೆಯೆಂದು 2015ರಲ್ಲಿ ಅದರ ಕರ್ತೃವೇ ಪ್ರಕಟಿಸಿ ತಿದ್ದುಪಡಿ ಸೂಚಿಸಿದರು.

ಇನ್ನು ಮಿತಿಗಳು. ನಾನು ಮೇಲೆ ಹೇಳಿದ ಮೂರು ಚರಗಳ ಮಾದರಿಯಲ್ಲಿ ಒಪ್ಪಿಗೆಗಳಿಗೆ 64, ಶಾಖೆಗಳ ಸ್ಥಿತಿಗೆ 27, ಹನ್ನೆರಡು ಬಗೆಯ ಸಂದೇಶಗಳು ಇವೆಯೋ ಇಲ್ಲವೋ ಎಂಬುದಕ್ಕೆ 4,096 ಸಾಧ್ಯತೆಗಳಿವೆ, ಗುಣಿಸಿದರೆ 70,77,888. ನಿಜವಾಗಿ ತಲುಪಬಹುದಾದ ಸ್ಥಿತಿಗಳು ಇದಕ್ಕಿಂತ ಬಹಳ ಕಡಿಮೆ, ಯಾವ ಲ್ಯಾಪ್‌ಟಾಪಿಗೂ ಇದು ಭಾರವಲ್ಲ. ಎರಡು ಲಾಟುಗಳನ್ನಿಟ್ಟರೆ ಇದೇ ಮೇಲ್ಮಿತಿ ತನ್ನಿಂದ ತಾನೇ ಗುಣಿಸಿಕೊಂಡು ಸುಮಾರು 50 ಲಕ್ಷ ಕೋಟಿಗೆ ಏರುತ್ತದೆ. ಆದ್ದರಿಂದ ಲಾಟುಗಳು ಒಂದರ ಮೇಲೊಂದು ಪ್ರಭಾವ ಬೀರದಿದ್ದರೆ ಒಂದೇ ಲಾಟನ್ನು ಇಡಿ. ಮೂರು ಸರ್ವರ್‌ಗಳಿಗೆ ನೋಡಿದ್ದು ಮೂವತ್ತು ಸರ್ವರ್‌ಗಳಿಗೆ ಸಾಧಿತವಾಗುವುದಿಲ್ಲ. ಆದರೆ ಹೆಚ್ಚಿನ ವಿನ್ಯಾಸದೋಷಗಳು ಸಣ್ಣ ಉದಾಹರಣೆಯಲ್ಲೇ ತಲೆದೋರುತ್ತವೆ ಎಂಬುದು ಈ ಕ್ಷೇತ್ರದವರ ಅನುಭವ, ಮತ್ತು ನಿಮ್ಮಲ್ಲಿರುವುದು ಮೂರೇ ಸರ್ವರ್‌ಗಳು. ಶಾಖೆಗಳು ಒಂದಕ್ಕೊಂದು ಸಮಾನವೆಂದು ಹೇಳಿ ಸ್ಥಿತಿಗಳ ಸಂಖ್ಯೆಯನ್ನು ಇಳಿಸುವ ಸಮಮಿತಿಯ ಸೌಲಭ್ಯ ಟಿಎಲ್‌ಸಿಯಲ್ಲಿದೆ. ಸುರಕ್ಷೆಯ ನಿಯಮಗಳಿಗೆ ಅದನ್ನು ಧಾರಾಳವಾಗಿ ಬಳಸಿ, ಪ್ರಗತಿಯ ನಿಯಮ ಪರಿಶೀಲಿಸುವಾಗ ಮಾತ್ರ ತೆಗೆದುಬಿಡಿ, ಇಲ್ಲವಾದರೆ ಇರುವ ತಪ್ಪು ಕಾಣದೆ ಹೋಗಬಹುದು.

ಹೊಸಬರು ಹೆಚ್ಚಾಗಿ ಎಡವುವುದು ಇದಕ್ಕಿಂತ ಸಾದಾ ಜಾಗದಲ್ಲಿ. ಕ್ರಿಯೆಯೊಂದರ ಷರತ್ತನ್ನು ತಪ್ಪಾಗಿ ಬರೆದು ಅದು ಎಂದೂ ನಡೆಯದಂತೆ ಮಾಡಿಬಿಟ್ಟರೆ, ಚೆಕರ್ ಎಲ್ಲವೂ ಸರಿಯಿದೆ ಎನ್ನುತ್ತದೆ, ಏಕೆಂದರೆ ಆ ಮಾದರಿಯಲ್ಲಿ ಯಾರೂ ಏನನ್ನೂ ಮಾರುವುದೇ ಇಲ್ಲ. ಅದಕ್ಕಾಗಿ ಬೇಕೆಂದೇ ಒಂದು ಸುಳ್ಳು ನಿಯಮ ಬರೆಯಿರಿ: ಯಾವ ಶಾಖೆಯೂ ಎಂದೂ ಲಾಟು ಮಾರುವುದಿಲ್ಲ ಎಂದು. ಚೆಕರ್ ಅದನ್ನು ಮುರಿದು ತೋರಿಸಿದರೆ ಮಾದರಿಯಲ್ಲಿ ಜೀವವಿದೆ. ಮುರಿಯದಿದ್ದರೆ ಮೊದಲು ಅದನ್ನು ಸರಿಪಡಿಸಿ. ಹಸಿರು ಫಲಿತಾಂಶವನ್ನು ಕಂಡೊಡನೆ ನನಗೆ ಮೊದಲು ಬರುವುದು ಸಂಶಯವೇ.

ಕೋಡ್ ಮತ್ತು ಸ್ಪೆಸಿಫಿಕೇಶನ್ ನಡುವಿನ ಅಂತರದ ಬಗ್ಗೆ ನೀವು ಕೇಳಿದ್ದೀರಿ. ನಮ್ಮ ಕಡೆಯವರಿಗೆ ಇದನ್ನು ತಾಳಮದ್ದಳೆಯಿಂದ ವಿವರಿಸುವುದು ಸುಲಭ. ಪ್ರಸಂಗದ ಪದ್ಯ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಅರ್ಥಧಾರಿ ಅದರ ಮೇಲೆ ಅರ್ಧ ಗಂಟೆ ಮಾತನಾಡಬಹುದು, ಆ ಹೊತ್ತಿನಲ್ಲಿ ಕಥೆ ಇದ್ದಲ್ಲೇ ಇರುತ್ತದೆ, ಮುಂದಿನ ಪದ್ಯಕ್ಕೆ ಅದು ಚಲಿಸುತ್ತದೆ. ನಿಮ್ಮ ಕೋಡು ಒಂದು ಒಪ್ಪಿಗೆ ಕೊಡಲು ನೂರಾರು ಸಣ್ಣ ಕೆಲಸಗಳನ್ನು ಮಾಡುತ್ತದೆ. ಸ್ಪೆಸಿಫಿಕೇಶನ್ನಿನ ಕಣ್ಣಿಗೆ ಅವುಗಳಲ್ಲಿ ಒಂದು ಮಾತ್ರ ಹೆಜ್ಜೆ, ಉಳಿದವೆಲ್ಲ ಇದ್ದಲ್ಲೇ ಇದ್ದ ಕ್ಷಣಗಳು. ಹೀಗೆ ಸ್ಥಿತಿ ಬದಲಾಗದ ಹೆಜ್ಜೆಗಳಿಗೆ ಟಿಎಲ್‌ಎ ಪ್ಲಸ್ ಮೊದಲಿನಿಂದಲೇ ಜಾಗ ಬಿಟ್ಟಿದೆ, ಮತ್ತು ವಿವರವಾದ ವಿನ್ಯಾಸವೊಂದು ಸ್ಥೂಲವಾದ ವಿನ್ಯಾಸವನ್ನು ಪಾಲಿಸುತ್ತದೆ ಎಂದು ಅದರಲ್ಲಿ ಹೇಳಲು ಸಾಧ್ಯವಾಗಿರುವುದು ಇದರಿಂದಲೇ.

ಆದರೆ ಕೋಡು ಆ ಪಾಲನೆಯನ್ನು ನಿಜಕ್ಕೂ ಮಾಡುತ್ತಿದೆಯೇ ಎಂದು ನೋಡಲು ಬೇರೆ ಶ್ರಮ ಬೇಕು. ಸಾಧಾರಣವಾಗಿ ಎರಡು ದಾರಿ ಹಿಡಿಯುತ್ತಾರೆ: ಓಡುತ್ತಿರುವ ವ್ಯವಸ್ಥೆಯ ದಾಖಲೆಗಳನ್ನು ತೆಗೆದು ಅವು ಸ್ಪೆಸಿಫಿಕೇಶನ್ ಒಪ್ಪುವ ದಾರಿಯಲ್ಲೇ ನಡೆದಿವೆಯೇ ಎಂದು ನೋಡುವುದು, ಅಥವಾ ಸ್ಪೆಸಿಫಿಕೇಶನ್ನಿನಿಂದಲೇ ಪರೀಕ್ಷೆಗಳನ್ನು ಹುಟ್ಟಿಸುವುದು. ಡೇಟಾಬೇಸ್ ತಂತ್ರಾಂಶ ತಯಾರಿಸುವ ಮೊಂಗೋಡಿಬಿ ಸಂಸ್ಥೆಯ ಎಂಜಿನಿಯರ್‌ಗಳು 2020ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರಡನ್ನೂ ಪ್ರಯತ್ನಿಸಿದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ. ದೊಡ್ಡ ಸರ್ವರ್ ತಂತ್ರಾಂಶದಲ್ಲಿ ದಾಖಲೆ ಹೋಲಿಸುವ ಪ್ರಯತ್ನವನ್ನು ಅವರು ಕೈಬಿಡಬೇಕಾಯಿತು. ಮೊಬೈಲ್ ದತ್ತಾಂಶ ಹೊಂದಿಸುವ ಚಿಕ್ಕ ಭಾಗದಲ್ಲಿ ಪರೀಕ್ಷೆಗಳನ್ನು ಹುಟ್ಟಿಸುವ ಪ್ರಯತ್ನ ಫಲ ಕೊಟ್ಟಿತು. ಗಾತ್ರದಲ್ಲಿ ನಿಮ್ಮದು ಆ ಚಿಕ್ಕ ಭಾಗಕ್ಕೇ ಹತ್ತಿರ.

ಸಮಯದ ಲೆಕ್ಕಕ್ಕೆ ಅಮೆಜಾನಿನ ಅನುಭವ ಒಳ್ಳೆಯ ಆಧಾರ. ಅವರ ಎಂಜಿನಿಯರ್‌ಗಳು 2015ರಲ್ಲಿ ಬರೆದುಕೊಂಡಂತೆ, ಕೆಲಸಕ್ಕೆ ಹೊಸದಾಗಿ ಸೇರಿದವರಿಂದ ಹಿರಿಯರವರೆಗೆ ಟಿಎಲ್‌ಎ ಪ್ಲಸ್ಸನ್ನು ಮೊದಲಿನಿಂದ ಕಲಿತು ಎರಡು ಮೂರು ವಾರಗಳಲ್ಲಿ ಉಪಯುಕ್ತ ಫಲ ಪಡೆದಿದ್ದಾರೆ. ಅಲ್ಲಿ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯಲ್ಲಿ ಸಿಕ್ಕಿದ ಒಂದು ದೋಷದ ಅತಿ ಚಿಕ್ಕ ದಾರಿ 35 ಹೆಜ್ಜೆಗಳದು. ವಿನ್ಯಾಸದ ವಿಮರ್ಶೆ, ಕೋಡಿನ ವಿಮರ್ಶೆ, ಪರೀಕ್ಷೆ ಎಲ್ಲವನ್ನೂ ಅದು ನುಸುಳಿಕೊಂಡು ಬಂದಿತ್ತು. ನಿಮ್ಮಲ್ಲಿ ನಾಲ್ವರೂ ಕಲಿಯಬೇಕಿಲ್ಲ, ಇಬ್ಬರು ಕಲಿತರೆ ಸಾಕು. ಒಬ್ಬರೇ ಕಲಿತರೆ ಬರೆದದ್ದನ್ನು ಓದಿ ಪ್ರಶ್ನಿಸುವವರು ಇರುವುದಿಲ್ಲ. ಸಿ ಭಾಷೆಯನ್ನು ಹೋಲುವ ಪ್ಲಸ್‌ಕ್ಯಾಲ್ ರೂಪದಿಂದ ತೊಡಗಿರಿ ಎಂದು ಹಲವರು ಹೇಳುತ್ತಾರೆ. ಸಂದೇಶ ಕಳಿಸುವ ವ್ಯವಸ್ಥೆಗಳಿಗೆ ನೇರ ಟಿಎಲ್‌ಎ ಪ್ಲಸ್ಸೇ ಹಗುರ ಎಂಬುದು ನನ್ನ ಮತ, ಏಕೆಂದರೆ ಇದಾದ ಮೇಲೆ ಅದು ಎಂಬ ಕೋಡಿನ ಅಭ್ಯಾಸವನ್ನು ಪ್ಲಸ್‌ಕ್ಯಾಲ್ ಬಿಡಿಸುವುದಿಲ್ಲ, ಮತ್ತು ಬಿಡಬೇಕಾದದ್ದು ಅದೇ ಅಭ್ಯಾಸ. ಬೆಲ್ ಲ್ಯಾಬ್ಸಿನಲ್ಲಿ ಜೆರಾರ್ಡ್ ಹೋಲ್ಜ್‌ಮನ್ ರೂಪಿಸಿದ ಸ್ಪಿನ್ ಎಂಬ ಮಾಡೆಲ್ ಚೆಕರ್ ಕೂಡ ಸಮರ್ಥ ಉಪಕರಣವೇ; ಅದನ್ನು ಮೊದಲೇ ಬಲ್ಲವರು ನಿಮ್ಮಲ್ಲಿದ್ದರೆ ಬದಲಿಸಬೇಕಾಗಿಲ್ಲ.

ಹೊಸ ವಿನ್ಯಾಸ ಸಿದ್ಧವಾಗುವ ತನಕ ಈಗಿನ ವ್ಯವಸ್ಥೆಯಲ್ಲಿ ಎರಡು ಬದಲಾವಣೆಗಳನ್ನು ಕೂಡಲೇ ಮಾಡಿ. ಒಪ್ಪಿಗೆ ಡಿಸ್ಕಿಗೆ ಇಳಿದ ಮೇಲೆಯೇ ಉತ್ತರ ಹೊರಡಲಿ. ಕಾರ್ಯಾಚರಣಾ ವ್ಯವಸ್ಥೆ ಬರೆದೆ ಎಂದು ಹೇಳುವುದಕ್ಕೂ ಡಿಸ್ಕು ನಿಜಕ್ಕೂ ಬರೆಯುವುದಕ್ಕೂ ನಡುವೆ ಎಡೆ ಇರುವುದರಿಂದ, ಬರೆದದ್ದನ್ನು ಡಿಸ್ಕಿಗೆ ಇಳಿಸಲು ಹೇಳುವ ಎಫ್‌ಸಿಂಕ್ ಎಂಬ ಕರೆ ಮುಗಿದು ಮರಳುವ ತನಕ ಕಾಯಬೇಕು. ಮತ್ತು ಪ್ರತಿ ಒಪ್ಪಿಗೆ, ಪ್ರತಿ ಮಾರಾಟ, ಪ್ರತಿ ಮರುಚಾಲನೆಯ ದಾಖಲೆಯಲ್ಲಿ ಶಾಖೆಯ ಹೆಸರು, ಲಾಟಿನ ಸಂಖ್ಯೆ ಮತ್ತು ಆ ಸರ್ವರಿನ ಘಟನೆಗಳ ಏರುಸಂಖ್ಯೆ ಇರಲಿ; ಪ್ರತಿ ಸಂದೇಶದ ಜೊತೆ ಕಳಿಸಿದವರ ಏರುಸಂಖ್ಯೆಯೂ ಹೋಗಲಿ. ಮೂರು ಯಂತ್ರಗಳ ಗಡಿಯಾರಗಳನ್ನು ಹೋಲಿಸಿ ಯಾವುದು ಮೊದಲು ನಡೆಯಿತು ಎಂದು ನಿರ್ಧರಿಸಲು ಬರುವುದಿಲ್ಲ, ಆದರೆ ಯಾವ ಸಂದೇಶ ಯಾವ ಘಟನೆಯ ಬಳಿಕ ಹೊರಟಿತು, ಯಾವ ಘಟನೆಯ ಮೊದಲು ತಲುಪಿತು ಎಂಬುದು ಗೊತ್ತಿದ್ದರೆ ಮಾರಾಟಕ್ಕೆ ಕಾರಣವಾದ ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬಹುದು. ಮುಂದಿನ ಸಲ ದೂರು ಬಂದರೆ ಆ ಜೋಡಣೆಯನ್ನು ಮೇಲಿನ ಏಳೇಳು ಹೆಜ್ಜೆಗಳ ಎರಡು ದಾರಿಗಳ ಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ಹೊಂದದಿದ್ದರೆ ಮಾದರಿಯಲ್ಲಿ ಯಾವುದೋ ಒಂದು ಕ್ರಿಯೆಯನ್ನು ಬರೆಯುವುದು ಬಿಟ್ಟುಹೋಗಿದೆ ಎಂದೇ ತಿಳಿಯಬೇಕು.